ಅನ್ವರ್ಥದಿಂದ ಅಂಕಿತಕ್ಕೆ: ‘ಡಿಫಿಸಿಲೆ’ ಎಂಬ ಬ್ಯಾಕ್ಟೀರಿಯಾ ನಾಮದ ಚರಿತ್ರೆ

ಕನ್ನಡ ವ್ಯಾಕರಣ ಪರಂಪರೆಯು ನಾಮಪದಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ವಿಂಗಡಿಸುತ್ತದೆ. ಒಂದೇ ಹೆಸರು ಕಾಲಕ್ರಮದಲ್ಲಿ ಈ ವರ್ಗಗಳ ಗಡಿಯನ್ನು ದಾಟಬಲ್ಲದೇ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ಕರುಳಿನ ಸೋಂಕಿಗೆ ಕಾರಣವಾಗುವ ಒಂದು ಬ್ಯಾಕ್ಟೀರಿಯಾದ ಹೆಸರನ್ನು ಆಧರಿಸಿ ಪರಿಶೀಲಿಸುತ್ತೇವೆ. ವೈಜ್ಞಾನಿಕ ನಾಮವೆಂದರೆ ನಿಯಮವೊಂದೇ ರೂಪಿಸಿದ, ಬಳಕೆಯ ಒತ್ತಡಕ್ಕೆ ಸಿಲುಕದ ಪದವೆಂಬ ಗ್ರಹಿಕೆಯನ್ನು ಈ ಚರಿತ್ರೆ ಪ್ರಶ್ನಿಸುತ್ತದೆ.

1935ರಲ್ಲಿ ಐವನ್ ಹಾಲ್ ಮತ್ತು ಎಲಿಜಬೆತ್ ಓ’ಟೂಲ್ ಅವರು ನವಜಾತ ಶಿಶುಗಳ ಕರುಳಿನ ಸೂಕ್ಷ್ಮಜೀವಿಗಳನ್ನು ಅಧ್ಯಯನ ಮಾಡುವಾಗ ಈ ಜೀವಿಯನ್ನು ವಿವರಿಸಿ, ‘ಬ್ಯಾಸಿಲಸ್ ಡಿಫಿಸಿಲಿಸ್’ ಎಂದು ಹೆಸರಿಸಿದರು. ಬ್ಯಾಸಿಲಸ್ ಎಂದರೆ ಲ್ಯಾಟಿನ್‌ನಲ್ಲಿ ಸಣ್ಣ ಕಡ್ಡಿ. ಡಿಫಿಸಿಲಿಸ್ ಎಂದರೆ ಕಷ್ಟಕರ. ಅದನ್ನು ಪ್ರತ್ಯೇಕಿಸಿ ಬೆಳೆಸುವುದು ಕಷ್ಟವಾಗಿದ್ದುದೇ ಹೆಸರಿಗೆ ಕಾರಣ. ಅಂದರೆ ಪದದ ಎರಡೂ ಭಾಗಗಳು ಅನ್ವರ್ಥವೇ: ಒಂದು ಜೀವಿಯ ಆಕಾರವನ್ನು ಹೇಳಿದರೆ, ಇನ್ನೊಂದು ಸಂಶೋಧಕರ ಅನುಭವವನ್ನು ಹೇಳುತ್ತದೆ.

1938ರಲ್ಲಿ ಆಂದ್ರೆ ಪ್ರೆವೊ ಅದನ್ನು ಆಮ್ಲಜನಕವಿಲ್ಲದೆ ಬೆಳೆದು ಬೀಜಾಣು ರೂಪಿಸುವ ಕಡ್ಡಿಯಾಕಾರದ ಜೀವಿಗಳ ಕುಲವಾದ ‘ಕ್ಲಾಸ್ಟ್ರಿಡಿಯಮ್’ಗೆ ವರ್ಗಾಯಿಸಿದರು. ವರ್ಗಾವಣೆ ಜೀವವಿಜ್ಞಾನದ್ದಾದರೂ ಅದರ ಪರಿಣಾಮ ವ್ಯಾಕರಣದ ಮೇಲಾಯಿತು. ಬ್ಯಾಸಿಲಸ್ ಪುಲ್ಲಿಂಗ, ಕ್ಲಾಸ್ಟ್ರಿಡಿಯಮ್ ನಪುಂಸಕಲಿಂಗ. ವಿಶೇಷಣವು ಕುಲನಾಮದ ಲಿಂಗವನ್ನು ಅನುಸರಿಸಬೇಕಾದುದರಿಂದ ‘ಡಿಫಿಸಿಲಿಸ್’ ಎಂಬುದು ‘ಡಿಫಿಸಿಲೆ’ ಆಯಿತು. ‘ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮನೆ’ ಎಂಬಲ್ಲಿ ವಿಶೇಷಣವನ್ನು ಬದಲಿಸದ ಕನ್ನಡದ ಭಾಷಿಕರಿಗೆ ಈ ಎರಡು ರೂಪಗಳು ಎರಡು ಬೇರೆ ಪದಗಳಂತೆ ಕಂಡಾವು. ಲ್ಯಾಟಿನ್‌ನಲ್ಲಿ ಅವು ಒಂದೇ ಪದದ ಎರಡು ರೂಪಗಳು. ‘ಎಸ್ಚೆರಿಚಿಯಾ ಕೋಲೈ’ಯಲ್ಲಿ ಹೀಗಾಗುವುದಿಲ್ಲ. ಅಲ್ಲಿನ ಎರಡನೆಯ ಪದವು ‘ದೊಡ್ಡ ಕರುಳಿನ’ ಎಂಬರ್ಥದ ಷಷ್ಠೀರೂಪವಾದ್ದರಿಂದ ಕುಲ ಬದಲಾದರೂ ಅದು ಬದಲಾಗದು.

ಇಂಥ ರೂಪಗಳನ್ನು ಶಾಸನಬದ್ಧಗೊಳಿಸಿದ ಬ್ಯಾಕ್ಟೀರಿಯಾ ನಾಮಕರಣ ಸಂಹಿತೆಯನ್ನು 1947ರಲ್ಲಿ ಕೋಪನ್‌ಹೇಗನ್‌ನ ಅಂತಾರಾಷ್ಟ್ರೀಯ ಸಮ್ಮೇಳನ ಅಂಗೀಕರಿಸಿತು. ಆದರೆ ಅದುವರೆಗೆ ಸಂಚಯಗೊಂಡಿದ್ದ ಹೆಸರುಗಳ ರಾಶಿಯಲ್ಲಿ ಅನೇಕವು ಯಾವ ಜೀವಿಯನ್ನು ಸೂಚಿಸುತ್ತವೆಂದು ನಿರ್ಧರಿಸಲಾಗದಂತಿದ್ದವು. ಪರಿಹಾರವಾಗಿ 1980ರ ಜನವರಿ 1ರಂದು ‘ಅಂಗೀಕೃತ ಪಟ್ಟಿ’ ಜಾರಿಗೆ ಬಂದಿತು. ಸುಮಾರು 2,500 ಹೆಸರುಗಳು ಉಳಿದವು. ಪಟ್ಟಿಗೆ ಸೇರದವು ಮಾನ್ಯತೆ ಕಳೆದುಕೊಂಡವು. ‘ಕ್ಲಾಸ್ಟ್ರಿಡಿಯಮ್ ಡಿಫಿಸಿಲೆ’ ಉಳಿದುಕೊಂಡಿತು. ಆ ಬಳಿಕ ಹೆಸರಿನ ಅಸ್ತಿತ್ವವು ಅರ್ಥದ ಔಚಿತ್ಯವನ್ನಲ್ಲ, ನಿರ್ದಿಷ್ಟ ಪ್ರಕಟಣೆಯನ್ನೂ ಮಾದರಿ ತಳಿಯನ್ನೂ ಅವಲಂಬಿಸಿದೆ. ಜೀವಿಯನ್ನು ಬೆಳೆಸುವುದು ಸುಲಭವಾದರೂ ‘ಕಷ್ಟಕರ’ ಎಂಬ ವಿಶೇಷಣವನ್ನು ಆ ಕಾರಣಕ್ಕಾಗಿ ಕೈಬಿಡುವಂತಿಲ್ಲ. ಅನ್ವರ್ಥವು ಅಂಕಿತವಾದುದು ಹೀಗೆ.

ಈ ನಡುವೆ, 1970ರ ದಶಕದ ಕೊನೆಯಲ್ಲಿ, ಪ್ರತಿಜೀವಕಗಳ ಸೇವನೆಯ ನಂತರ ಕಾಣಿಸಿಕೊಳ್ಳುವ ಕರುಳಿನ ಉರಿಯೂತಕ್ಕೆ ಇದೇ ಜೀವಿ ಕಾರಣವೆಂದು ತಿಳಿದುಬಂದಿತ್ತು. ಇಂಗ್ಲಿಷ್ ಬಳಸುವ ಆಸ್ಪತ್ರೆಗಳಲ್ಲಿ ‘ಸಿ. ಡಿಫ್’ ಎಂಬ ಮೊಟಕು ರೂಪ ಬೇರೂರಿತು. ಅತ್ತ ವರ್ಗೀಕರಣವು ಆಕಾರವನ್ನು ಬಿಟ್ಟು ಜೀನ್ ಅನುಕ್ರಮಗಳತ್ತ ಹೊರಳಿದಾಗ ಈ ಪ್ರಭೇದವು ನಿಜವಾದ ಕ್ಲಾಸ್ಟ್ರಿಡಿಯಮ್‌ಗಳಿಂದ ದೂರದ್ದೆಂಬುದು ಸ್ಪಷ್ಟವಾಯಿತು. 2013ರಲ್ಲಿ ‘ಪೆಪ್ಟೋಕ್ಲಾಸ್ಟ್ರಿಡಿಯಮ್’ ಎಂಬ ಕುಲನಾಮದ ಪ್ರಸ್ತಾಪ ಬಂದಿತು. ಅದು ನೆಲೆಗೊಂಡಿದ್ದರೆ ಮೊಟಕು ರೂಪದ ಮೊದಲಕ್ಷರವೇ ಬದಲಾಗುತ್ತಿತ್ತು. 2016ರಲ್ಲಿ ಲಾಸನ್ ಮತ್ತು ಸಂಗಡಿಗರು ‘ಕ್ಲಾಸ್ಟ್ರಿಡಿಯಮ್‌ನಂತಿರುವುದು’ ಎಂಬರ್ಥದ ‘ಕ್ಲಾಸ್ಟ್ರಿಡಿಯಾಯ್ಡಿಸ್’ ಎಂಬ ಕುಲನಾಮವನ್ನು ರಚಿಸಿದರು. ವೈದ್ಯರು, ಔಷಧೋದ್ಯಮ ಮತ್ತು ರೋಗಿಗಳ ನಡುವೆ ಚಲಾವಣೆಯಲ್ಲಿದ್ದ ಸಂಕ್ಷಿಪ್ತ ರೂಪಗಳನ್ನು ಉಳಿಸಿಕೊಳ್ಳುವುದು ಈ ಆಯ್ಕೆಯ ಉದ್ದೇಶಗಳಲ್ಲೊಂದಾಗಿತ್ತು. ಸಾಮಾನ್ಯವಾಗಿ ಪೂರ್ಣನಾಮದಿಂದ ಸಂಕ್ಷಿಪ್ತ ರೂಪ ಹುಟ್ಟುತ್ತದೆ. ಇಲ್ಲಿ ಸಂಕ್ಷಿಪ್ತ ರೂಪವನ್ನು ಕಾಯಲು ಪೂರ್ಣನಾಮ ಹುಟ್ಟಿತು.

ಹೊಸ ಹೆಸರಿನ ಕರ್ತೃಸೂಚನೆಯೂ ಗಮನಾರ್ಹ: ಹಾಲ್ ಮತ್ತು ಓ’ಟೂಲ್ ಆವರಣದೊಳಗೆ, ಲಾಸನ್ ಮತ್ತು ಸಂಗಡಿಗರು ಹೊರಗೆ. ಮೊದಲು ಹೆಸರಿಟ್ಟವರೂ ಕೊನೆಯ ಸಂಯೋಜನೆ ಮಾಡಿದವರೂ ಅಲ್ಲಿರುತ್ತಾರೆ. ನಡುವಿನ ಪ್ರೆವೊ ಕಾಣೆಯಾಗುತ್ತಾರೆ. ಆದರೂ ಅವರು ಕೊಟ್ಟ ‘ಡಿಫಿಸಿಲೆ’ ಎಂಬ ರೂಪ ಉಳಿದಿದೆ. ಹಳೆಯ ಹೆಸರೂ ಅಸಿಂಧುವಾಗಿಲ್ಲ. ಸಂಹಿತೆಯು ಹೆಸರುಗಳನ್ನು ನಿಯಂತ್ರಿಸುತ್ತದೆಯೇ ಹೊರತು ವರ್ಗೀಕರಣದ ಅಭಿಪ್ರಾಯವನ್ನಲ್ಲ. ಹೀಗಾಗಿ ಎರಡು ಹೆಸರುಗಳೂ ನಿಯಮಬದ್ಧವೇ.

ಪಾರಿಭಾಷಿಕ ಪದಗಳನ್ನು ರಚಿಸುವಾಗ ನಾವು ಅನ್ವರ್ಥತೆಯನ್ನು ಪ್ರಧಾನ ಮಾನದಂಡವಾಗಿ ಹಿಡಿಯುವುದುಂಟು. ಆದರೆ ಈ ಹೆಸರು ಬಾಳಿದ್ದು ಅರ್ಥದ ಬಲದಿಂದಲ್ಲ. ಪ್ರಕಟಣೆಯ ದಿನಾಂಕ, ಮಾದರಿ ತಳಿ ಮತ್ತು ಆಸ್ಪತ್ರೆಯ ಮಾತು, ಈ ಮೂರರ ಬಲದಿಂದ. ಸಂಹಿತೆಯಲ್ಲಿ ‘ಸಿ. ಡಿಫ್’ಗೆ ಯಾವ ಸ್ಥಾನವೂ ಇಲ್ಲ. ಆದರೂ 2016ರ ಕುಲನಾಮದ ಮೊದಲಕ್ಷರವನ್ನು ನಿರ್ಧರಿಸಿದ್ದರಲ್ಲಿ ಅದರ ಪಾಲಿದೆ. ನಾಮಚರಿತ್ರೆಯನ್ನು ಬರೆಯುವವರು ಸಂಹಿತೆಯ ಜೊತೆಗೆ ಇಂಥ ಆಡುರೂಪಗಳನ್ನೂ ದಾಖಲೆಯಾಗಿ ಪರಿಗಣಿಸಬೇಕೆಂಬುದು ನಮ್ಮ ನಿಲುವು.