ಬ್ಯಾಲಾಳಿನ ಗಡಿಯಾರಗಳು

ಕೆಂಗೇರಿ ದಾಟಿ ಹೋದರೆ ಬ್ಯಾಲಾಳು. 2008ರಲ್ಲಿ ಚಂದ್ರಯಾನದ ಮಾತು ಕೇಳಿಸಿಕೊಂಡ 32 ಮೀಟರ್ ಅಗಲದ ಆಂಟೆನಾ ಇರುವ ಊರು. ಅದನ್ನು ಪತ್ರಿಕೆಯವರೆಲ್ಲ ಬರೆದೆವು, ಗಡಿಯಾರದ ವಿಷಯ ಮಾತ್ರ ಅಷ್ಟಾಗಿ ಬರೆಯಲಿಲ್ಲ. 2013ರ ಮೇ 28ರಂದು ಅಲ್ಲಿ ಇಸ್ರೋ ನ್ಯಾವಿಗೇಷನ್ ಕೇಂದ್ರ ಶುರುವಾಯಿತು. ನಮ್ಮ ನಾವಿಕ್ ಉಪಗ್ರಹಗಳಿಗೆ ಕಾಲ ಹೇಳುವ ಪರಮಾಣು ಗಡಿಯಾರಗಳು ಇರುವುದು ಇಲ್ಲೇ.

ದಾರಿ ತೋರಿಸಲು ಗಡಿಯಾರ ಯಾಕೆ ಅಂತೀರಾ? ಉಪಗ್ರಹದ ಸಂಕೇತ ನಿಮ್ಮ ಫೋನಿಗೆ ಮುಟ್ಟಲು ಹಿಡಿದ ಹೊತ್ತಿನಿಂದಲೇ ದೂರದ ಲೆಕ್ಕ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ 300 ಮೀಟರ್ ತಪ್ಪುತ್ತದೆ. ನಿಮ್ಮ ಹೊಲ ಹೋಗಿ ಇನ್ಯಾರದೋ ಹೊಲ!

ಹಾಗಾಗಿ ಜಿಪಿಎಸ್ ರಿಸೀವರ್ ಒಳ್ಳೆಯ ಗಡಿಯಾರವೂ ಹೌದು. ಕಂಪ್ಯೂಟರಿಗೆ ಜೋಡಿಸುವಾಗ ಎರಡು ತಂತಿ ಮುಖ್ಯ. ಒಂದು 'ಈಗ ಇಷ್ಟು ಗಂಟೆ' ಎಂದು ಬರೆದು ಕಳಿಸುತ್ತದೆ, ಆದರೆ ತುಸು ತಡವಾಗಿ. ಇನ್ನೊಂದು ಸೆಕೆಂಡಿಗೊಮ್ಮೆ ಮಿಡಿಯುತ್ತದೆ, ನಿಖರತೆ ಇರುವುದು ಆ ಮಿಡಿತದಲ್ಲಿ. ಮೊದಲನೆಯದನ್ನಷ್ಟೇ ನಂಬಿದರೆ ಕೆಲಸ ಕೆಟ್ಟಿತು. ಆಂಟೆನಾಕ್ಕೆ ಆಕಾಶವೂ ಕಾಣಬೇಕು.

ಗಡಿಯಾರ ಕೆಟ್ಟರೆ ಏನಾಗುತ್ತದೆಂದು ನಾವು ಕಂಡಿದ್ದೇವೆ. 2013ರ ಜುಲೈ 1ರಂದು ಹಾರಿದ ಮೊದಲ ನಾವಿಕ್ ಉಪಗ್ರಹದಲ್ಲಿದ್ದ ಮೂರೂ ವಿದೇಶಿ ಗಡಿಯಾರಗಳು ಕೈಕೊಟ್ಟವು. ಉಪಗ್ರಹ ಮೇಲೆಯೇ ಇತ್ತು, ದಾರಿ ಹೇಳಲು ಬಾರದಾಯಿತು. ಬದಲಿಗೆಂದು 2017ರ ಆಗಸ್ಟಿನಲ್ಲಿ ಕಳಿಸಿದ್ದು ರಾಕೆಟ್ಟಿನ ಶಾಖಕವಚ ಬಿಚ್ಚದೆ ಒಳಗೇ ಸಿಕ್ಕಿಕೊಂಡಿತು. 2018ರ ಏಪ್ರಿಲಿನಲ್ಲಿ ಮತ್ತೊಂದನ್ನು ಕಳಿಸಬೇಕಾಯಿತು. ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಮೇಲೇರಿದ್ದು 2023ರ ಮೇ 29ರಂದು, ಎನ್‌ವಿಎಸ್-01 ಉಪಗ್ರಹದಲ್ಲಿ.