ಕಸೂತಿಯ ಎರಡು ಮುಖ: ಕೈಹೊಲಿಗೆಯೂ ಯಂತ್ರದ ಅನುಕರಣೆಯೂ

ಧರ್ಮಕೇಂದ್ರವೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದರ ಕಟ್ಟಡ, ಗಂಟೆ, ಗುರುಪರಂಪರೆಗಳನ್ನು ಸ್ಮರಿಸುವುದು ಸಹಜವೂ ಉಚಿತವೂ ಆಗಿದೆ. ಆದರೆ ಅದೇ ಕಾಲಾವಧಿಯಲ್ಲಿ ನಮ್ಮ ಭಾಗದ ಹೆಣ್ಣುಮಕ್ಕಳು ಮನೆಯ ಪಡಸಾಲೆಯಲ್ಲಿ ಕುಳಿತು ಸೂಜಿಯಿಂದ ಮೂಡಿಸಿದ ಇತಿಹಾಸವೂ ಒಂದುಂಟು. ಅದೇ ಧಾರವಾಡ ಸೀಮೆಯ ಕಸೂತಿ. ಅಂದು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಚಿತ್ತಾರಗಳನ್ನು ಇಂದು ಗಣಕಯಂತ್ರದಿಂದ ನಡೆಯುವ ಕಸೂತಿ ಯಂತ್ರಗಳು ಕೆಲವೇ ನಿಮಿಷಗಳಲ್ಲಿ ಬಟ್ಟೆಯ ಮೇಲೆ ತರುತ್ತಿವೆ. ಹಳೆಯ ಕೈಹೊಲಿಗೆಯನ್ನು ಯಂತ್ರವು ನಿಜವಾಗಿ ಮರಳಿ ತರಬಲ್ಲುದೇ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಿಸಲು ಇಚ್ಛಿಸುತ್ತೇವೆ.

‘ಕೈ’ ಮತ್ತು ನೂಲೆಂಬ ಅರ್ಥದ ‘ಸೂತಿ’ ಎಂಬ ಶಬ್ದಗಳು ಕೂಡಿ ಕಸೂತಿಯಾಯಿತೆಂದು ಹೇಳುವುದುಂಟು. ಇಳಕಲ್ ಸೀರೆಯ ಸೆರಗು, ಮದುವೆಯ ಕಪ್ಪು ಚಂದ್ರಕಾಳಿ ಸೀರೆ, ಕುಬಸ, ಕೂಸಿನ ಕುಂಚಿಗೆ ಇವೇ ಅದರ ನೆಲೆಗಳು. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು, ತೊಟ್ಟಿಲು ಇವು ಅದರ ಚಿತ್ತಾರಗಳು. ಅಣ್ಣಿಗೇರಿಯ ಅಮೃತೇಶ್ವರ ಗುಡಿ, ಕಲಘಟಗಿಯ ಬಣ್ಣದ ತೊಟ್ಟಿಲು, ನವಲಗುಂದದ ಜಮಖಾನೆಯ ನವಿಲು ಇವನ್ನು ಬಲ್ಲ ನಮಗೆ ಈ ಚಿತ್ತಾರಗಳು ಅಪರಿಚಿತವಲ್ಲ. ಈ ನಾಡಿನ ಜನರು ದಿನನಿತ್ಯ ಕಂಡುದನ್ನೇ ಇಲ್ಲಿಯ ಹೆಂಗಸರು ಅರಿವೆಯ ಮೇಲೆ ಇಳಿಸಿದರು.

ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವ ಪದ್ಧತಿ ಇಲ್ಲ. ಹೊಲಿಯುವವಳು ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಮುಂದೆ ಸಾಗುತ್ತಾಳೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಸೂಜಿಯು ಒಂದು ಹೆಜ್ಜೆ ಬಟ್ಟೆಯ ಮೇಲೆ, ಒಂದು ಹೆಜ್ಜೆ ಕೆಳಗೆ ಎಂಬಂತೆ ತೆರವು ಬಿಡುತ್ತಾ ಹೋಗಿ, ಮರಳಿ ಬರುವಾಗ ಆ ತೆರವುಗಳನ್ನು ತುಂಬುತ್ತದೆ. ಗೆರೆ ಕವಲೊಡೆದಲ್ಲಿ ಕವಲಿನ ತುದಿಯವರೆಗೆ ಹೋಗಿ ಹಿಂದಿರುಗಬೇಕು. ಯಾವ ಕವಲಿಗೆ ಮೊದಲು ಹೋಗಬೇಕು, ಯಾವುದರಿಂದ ಮರಳಬೇಕು ಎಂಬ ದಾರಿಯನ್ನು ಹೊಲಿಯುವವಳು ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಾಳೆ. ಆದ್ದರಿಂದಲೇ ಗವಂತಿ, ಮುರಗಿಗಳಲ್ಲಿ ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತವೆ.

ಇದೇ ಕ್ರಮದ ಹೊಲಿಗೆ ಯುರೋಪಿನಲ್ಲಿಯೂ ರೂಢಿಯಲ್ಲಿತ್ತು. 16ನೆಯ ಶತಮಾನದ ಚಿತ್ರಕಾರ ಹ್ಯಾನ್ಸ್ ಹೋಲ್ಬೈನನು ಬರೆದ ಭಾವಚಿತ್ರಗಳಲ್ಲಿಯ ತೋಳಿನಂಚುಗಳಲ್ಲಿ ಅದು ಕಾಣಸಿಗುವುದರಿಂದ ಅದಕ್ಕೆ ಅವನ ಹೆಸರೇ ಬಂದಿದೆ. ಧರ್ಮಸಭೆಯಂತೂ ಸೂಜಿಯ ಕೆಲಸವನ್ನು ಬಹುಕಾಲದಿಂದ ಗೌರವಿಸಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ರೇಷ್ಮೆ, ಬಂಗಾರದ ಎಳೆಗಳಿಂದ ಸಿದ್ಧವಾದ ಪೂಜಾವಸ್ತ್ರಗಳು ಎಷ್ಟು ಪ್ರಸಿದ್ಧವಾಗಿದ್ದವೆಂದರೆ, 1295ರ ವ್ಯಾಟಿಕನ್ ದಾಸ್ತಾನು ಪಟ್ಟಿಯಲ್ಲಿ ಅಂಥ 100ಕ್ಕೂ ಹೆಚ್ಚು ವಸ್ತುಗಳು ನಮೂದಾಗಿವೆ.

ಯಂತ್ರದ ಕಥೆ ಆರಂಭವಾದುದು 19ನೆಯ ಶತಮಾನದಲ್ಲಿ. 1828ರಲ್ಲಿ ಫ್ರಾನ್ಸಿನ ಮ್ಯೂಲೂಸ್ ಪಟ್ಟಣದ ಜೋಸುವೆ ಹೈಲ್ಮನ್ ಎಂಬಾತನು ಮೊದಲ ಕಸೂತಿ ಯಂತ್ರವನ್ನು ರಚಿಸಿದನು. ಎರಡೂ ತುದಿ ಚೂಪಾಗಿದ್ದು ನಡುವೆ ಕಣ್ಣಿರುವ ಸೂಜಿಗಳನ್ನು ಇಕ್ಕಳಗಳು ಬಟ್ಟೆಯ ಈ ಬದಿಯಿಂದ ಆ ಬದಿಗೆ ಪೂರ್ತಿಯಾಗಿ ಎಳೆಯುತ್ತಿದ್ದವು. ಕೈಹೊಲಿಗೆಯಂತೆಯೇ ಅಲ್ಲಿಯೂ ಒಂದೇ ದಾರ. ಆದರೆ ದಾರ ಮುಗಿದಾಗಲೆಲ್ಲ ಸೂಜಿಗೆ ಹೊಸ ದಾರ ಪೋಣಿಸಬೇಕಾಗುತ್ತಿತ್ತು. 1863ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಪ್ರಾಂತದ ಐಸಾಕ್ ಗ್ರೋಬ್ಲಿ ಎಂಬಾತನು ಈ ತೊಡಕನ್ನು ನಿವಾರಿಸಿದನು. ಅವನು ಮೇಲಿನಿಂದ ಒಂದು ದಾರವನ್ನೂ, ಕೆಳಗೆ ದೋಣಿಯಾಕಾರದ ಲಾಳಿಯಿಂದ ಇನ್ನೊಂದನ್ನೂ ತಂದು, ಬಟ್ಟೆಯಲ್ಲಿ ಅವೆರಡನ್ನೂ ಕೊಂಡಿಯಾಗಿ ಕೂಡಿಸಿದನು. ಕೆಲಸದ ವೇಗ ಹೆಚ್ಚಿತು. ಆದರೆ ಅಂದಿನಿಂದ ಬಟ್ಟೆಯ ಹಿಂಬದಿಯು ಬೇರೆ ದಾರದ ಪಾಲಾಯಿತು. ಅದೇ ಸೇಂಟ್ ಗಾಲೆನ್ನಿನಲ್ಲಿ 1880ರ ದಶಕದಲ್ಲಿ ಯಂತ್ರದಿಂದ ಹೊಲಿದು, ಕೆಳಗಿನ ಬಟ್ಟೆಯನ್ನು ರಾಸಾಯನಿಕದಿಂದ ಕರಗಿಸಿ, ಹಳೆಯ ಸೂಜಿ ಲೇಸುಗಳನ್ನು ಅನುಕರಿಸುವ ವಿಧಾನವೂ ರೂಢಿಗೆ ಬಂದಿತು. ಹಳೆಯ ಕೈಕೆಲಸವನ್ನು ಯಂತ್ರದಿಂದ ಮರುಸೃಷ್ಟಿಸುವ ಆಸೆ ಹೊಸದಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಇಂದಿನ ಯಂತ್ರಗಳು ನಿಮಿಷಕ್ಕೆ 800ರಿಂದ 1000 ಹೊಲಿಗೆಗಳನ್ನು ಹಾಕಬಲ್ಲವಾದರೂ ಗ್ರೋಬ್ಲಿಯ ಆ ಎರಡು ದಾರಗಳ ತತ್ತ್ವವನ್ನೇ ಅನುಸರಿಸುತ್ತವೆ. ಪ್ರತಿ ಹೆಜ್ಜೆಯಲ್ಲಿಯೂ ಮೇಲಿನ ದಾರ ಮೇಲೆಯೇ ಬೀಳುವುದರಿಂದ ಗವಂತಿಯ ತೆರವಿಗೆ ಅಲ್ಲಿ ಎಡೆಯೇ ಇಲ್ಲ. ಕವಲಿನಿಂದ ಹಿಂದಿರುಗುವಾಗ ಗೆರೆಯ ಮೇಲೆ ಗೆರೆ ಬಿದ್ದು ಚಿತ್ತಾರ ದಪ್ಪವಾಗುತ್ತದೆ. ಇನ್ನೊಂದು ಅಂತರವೂ ಉಂಟು. ಕೈಮಗ್ಗದ ಸೀರೆಯಲ್ಲಿ ಎಳೆಗಳ ನಡುವಣ ಅಂತರ ಎಲ್ಲೆಡೆ ಒಂದೇ ಆಗಿರುವುದಿಲ್ಲ. ಎಳೆಯನ್ನು ಎಣಿಸುವ ಕೈ ಆ ಏರುಪೇರಿಗೆ ತಾನೇ ಹೊಂದಿಕೊಳ್ಳುತ್ತದೆ. ಮಿಲಿಮೀಟರಿನಲ್ಲಿ ಅಳೆಯುವ ಯಂತ್ರಕ್ಕೆ ಎಳೆಯ ಪರಿವೆ ಇಲ್ಲ. ಹೀಗಾಗಿ ತೇರಿನ ರೂಪ ಬಂದರೂ ಅದು ಬಟ್ಟೆಯ ಎಳೆಯೊಡನೆ ಒಂದಾಗುವುದಿಲ್ಲ.

ಹಾಗೆಂದು ನಾವು ಯಂತ್ರವನ್ನು ಹಳಿಯಲಾರೆವು. ಎಳೆ ಎಣಿಸಿ ಹೊಲಿಯುವುದು ಕಣ್ಣಿಗೆ ಬಲು ಶ್ರಮದ ಕೆಲಸ. ಆ ಶ್ರಮಕ್ಕೆ ತಕ್ಕ ಕೂಲಿ ದೊರೆಯದಿದ್ದರೆ ಮಗಳು ತಾಯಿಯ ಸೂಜಿಯನ್ನು ಕೆಳಗಿಡುವುದರಲ್ಲಿ ಆಶ್ಚರ್ಯವೇನಿದೆ? ಜೀರ್ಣವಾದ ಸೀರೆಯ ಚಿತ್ತಾರವೊಂದು ಯಂತ್ರದ ನಕ್ಷೆಯಲ್ಲಿಯಾದರೂ ಉಳಿದರೆ ಅದೂ ಲಾಭವೇ. ಕಡಿಮೆ ಬೆಲೆಯ ಅಂಗಿಯ ಮೇಲೆ ಯಂತ್ರದ ಗೋಪುರ ಇರುವುದರಿಂದ ಯಾರಿಗೂ ಕೇಡಿಲ್ಲ. ಅದನ್ನೇ ಕೈಕಸೂತಿಯೆಂದು ಮಾರಿದಾಗ ಮಾತ್ರ ಅನ್ಯಾಯವಾಗುತ್ತದೆ. ತಿಂಗಳು ದುಡಿದವಳ ಕೆಲಸಕ್ಕೆ ಆಗ ನಿಮಿಷದ ಕೆಲಸದ ಬೆಲೆ ಕಟ್ಟಿದಂತಾಗುತ್ತದೆ. 1999ರಲ್ಲಿ ರಚಿತವಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆಯ ಮೇರೆಗೆ ಕಸೂತಿಯ ಹೆಸರಿಗೂ ನವಲಗುಂದದ ಜಮಖಾನೆಯ ಹೆಸರಿಗೂ ರಕ್ಷಣೆ ದೊರೆತಿದೆ. ಆದರೆ ಕೊಳ್ಳುವವರಿಗೆ ವಿವೇಚನೆ ಇಲ್ಲದಿದ್ದರೆ ಕಾಯಿದೆಯೊಂದರಿಂದ ಏನಾದೀತು?

ಪರೀಕ್ಷೆ ಕಠಿಣವಲ್ಲ. ಬಟ್ಟೆಯನ್ನು ತಿರುಗಿಸಿ ನೋಡಿರಿ. ಹಿಂಬದಿಯಲ್ಲಿ ಬೇರೊಂದು ದಾರ, ಹಲವು ಬಾರಿ ಬಿಳಿಯದು, ಓಡಿರುವುದು ಕಂಡರೆ, ಒತ್ತಾಗಿ ಇಟ್ಟ ಕಾಗದದಂಥ ಪದರಿನ ಚೂರು ಉಳಿದಿದ್ದರೆ ಅದು ಯಂತ್ರದ್ದು. ಗವಂತಿ, ಮುರಗಿಗಳಾದರೆ ಎರಡೂ ಬದಿ ಸಮನಾಗಿರಬೇಕು. ನೇಯ್ಗೆ, ಮೆಂತೆಗಳ ಹಿಂಬದಿ ಕೈಕೆಲಸದಲ್ಲಿಯೂ ಬೇರೆಯಾಗಿಯೇ ಇರುವುದರಿಂದ ಅಲ್ಲಿ ಅವಸರದ ತೀರ್ಮಾನ ಸಲ್ಲದು.

ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಮಡಿಸಿಟ್ಟ ಹಳೆಯ ಸೀರೆ, ಕುಂಚಿಗೆಗಳು ಇನ್ನೂ ಇರಬಹುದು. ಹರಿದವೆಂದು ಅವನ್ನು ಎಸೆಯಬಾರದೆಂದು ವಾಚಕ ಬಾಂಧವರಲ್ಲಿ ನಮ್ಮ ವಿನಂತಿ. ಎಳೆ ಎಣಿಸಿ ಚೌಕದ ಕಾಗದದ ಮೇಲೆ ಅವುಗಳ ಚಿತ್ತಾರವನ್ನು ಇಳಿಸಿಕೊಳ್ಳೋಣ. ಹೊಲಿಯಬಲ್ಲ ಹಿರಿಯ ತಾಯಂದಿರು ನಮ್ಮ ನಡುವೆ ಇರುವಾಗಲೇ ಆ ಚಿತ್ತಾರದಲ್ಲಿ ಸೂಜಿ ಹೋಗುವ ದಾರಿ ಯಾವುದು, ಮರಳುವ ದಾರಿ ಯಾವುದು ಎಂಬುದನ್ನು ಅವರಿಂದ ಕೇಳಿ ಪಕ್ಕದಲ್ಲಿ ಬರೆದಿಡೋಣ. ಚಿತ್ತಾರದ ರೂಪವನ್ನು ಯಂತ್ರವೂ ಕಾಪಾಡೀತು; ಆ ದಾರಿಯನ್ನು ಮಾತ್ರ ಒಬ್ಬರು ಇನ್ನೊಬ್ಬರಿಗೆ ಕಲಿಸಿಯೇ ಉಳಿಸಬೇಕು. ಬಲಿಪೀಠಕ್ಕೆ ಹೊಸ ಹೊದಿಕೆ ಬೇಕಾದಾಗ, ವರ್ಷಕ್ಕೊಂದನ್ನಾದರೂ ನಮ್ಮ ಸೀಮೆಯ ಹೆಣ್ಣುಮಗಳ ಕೈಯಿಂದ ನ್ಯಾಯವಾದ ಕೂಲಿ ಕೊಟ್ಟು ಹೊಲಿಸಿದರೆ, ಈ ವಿದ್ಯೆ ಮುಂದಿನ ಪೀಳಿಗೆಗೂ ದಕ್ಕುವುದೆಂದು ನಾವು ನಂಬುತ್ತೇವೆ.