ಒಂಬತ್ತು ಬಿಂದುಗಳ ಚಕ್ರ ಮತ್ತು ಒಂದು ಷರಾ



ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ಶಿಷ್ಯೆಯೊಬ್ಬಳು ಮನೆಗೆ ಬಂದಿದ್ದಳು. ಬೆಂಗಳೂರಿನ ಕಂಪನಿಯೊಂದರಲ್ಲಿ ಅವಳಿಗೆ ಉದ್ಯೋಗ. ಕಾಫಿಯ ಲೋಟವನ್ನು ಕೆಳಗಿಡುವ ಮೊದಲೇ, "ಸರ್, ನಾನು ಐದಂತೆ!" ಎಂದಳು. ನನಗೆ ಅರ್ಥವಾಗಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಗಣಿತ ಕಲಿಸಿದವನಿಗೆ ಐದೆಂದರೆ ಒಂದು ಅವಿಭಾಜ್ಯ ಸಂಖ್ಯೆ, ಅಷ್ಟೆ. ಆಮೇಲೆ ವಿವರಿಸಿದಳು. ಕಚೇರಿಯಲ್ಲಿ ಎರಡು ದಿನಗಳ ತರಬೇತಿ ನಡೆದಿತ್ತಂತೆ. ಪ್ರಶ್ನಾವಳಿಯೊಂದಕ್ಕೆ ಉತ್ತರ ಬರೆಸಿ, ಮನುಷ್ಯರೆಲ್ಲರೂ ಒಂಬತ್ತು ಬಗೆಯವರೆಂದೂ ಅದರಲ್ಲಿ ಇವಳು ಐದನೆಯ ಬಗೆಯವಳೆಂದೂ ಹೇಳಿದರಂತೆ. ಇದಕ್ಕೆ 'ಎನ್ನಿಯಾಗ್ರಾಮ್' ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ 'ಎನ್ನಿಯ' ಎಂದರೆ ಒಂಬತ್ತು, 'ಗ್ರಾಮ' ಎಂದರೆ ಬರೆದದ್ದು. "ನಮ್ಮ ಅತ್ತೆ ಒಂದು, ನಮ್ಮನೆಯವರು ಒಂಬತ್ತು. ನಾನು ಐದಾದ್ದರಿಂದ ಜನರ ಜೊತೆ ಬೆರೆಯುವುದು ನನ್ನ ಕೈಲಾಗದಂತೆ ಸರ್. ಎರಡು ಸಾವಿರ ವರ್ಷಗಳ ಸೂಫಿ ವಿದ್ಯೆಯಂತೆ ಇದು" ಎಂದಳು.

ಆ ಕೊನೆಯ ಎರಡು ಮಾತುಗಳು ನನ್ನನ್ನು ಕಾಡಿದವು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ವಾರ ಆರು ಮಂದಿ ಗೆಳತಿಯರನ್ನು ಸುತ್ತ ಕೂರಿಸಿಕೊಂಡು ತ್ರಿಕೋನಮಿತಿಯನ್ನು ಹೇಳಿಕೊಟ್ಟ ಹುಡುಗಿ ಇವಳು. ಅವಳಿಗೆ ಬೆರೆಯಲು ಬಾರದೆಂದು ಹೇಳಿದ ಈ ವಿದ್ಯೆ ಯಾವುದು? ಎಲ್ಲಿಂದ ಬಂತು? ನಿವೃತ್ತನಿಗೆ ಕಾಲಕ್ಕೇನು ಬರ! ಎರಡು ತಿಂಗಳು ಓದಿದೆ. ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಮೊದಲು ಚಿತ್ರವನ್ನು ನೋಡೋಣ. ಒಂದು ವೃತ್ತವನ್ನು ಎಳೆದು, ಪರಿಧಿಯ ಮೇಲೆ ಸಮಾನ ಅಂತರದಲ್ಲಿ 1ರಿಂದ 9ರವರೆಗೆ ಬಿಂದುಗಳನ್ನು ಗುರುತಿಸಿ. 3, 6, 9ನ್ನು ಸೇರಿಸಿದರೆ ಸಮಬಾಹು ತ್ರಿಭುಜ. ಉಳಿದ ಆರು ಬಿಂದುಗಳನ್ನು 1, 4, 2, 8, 5, 7 ಎಂಬ ಕ್ರಮದಲ್ಲಿ ಸೇರಿಸಿ ಮತ್ತೆ 1ಕ್ಕೆ ಬರಬೇಕು. ಏಕೆ ಈ ವಿಚಿತ್ರ ಕ್ರಮ? ನನ್ನ ಶಿಷ್ಯರಿಗೆ ನೆನಪಿರಬೇಕು. 1ನ್ನು 7ರಿಂದ ಭಾಗಿಸಿದರೆ 0.142857 142857 ಎಂದು ಮುಗಿಯದ ಆವರ್ತ ದಶಮಾಂಶ ದೊರೆಯುತ್ತದೆ. 142857ನ್ನು 2ರಿಂದ ಗುಣಿಸಿದರೆ 285714, 3ರಿಂದ ಗುಣಿಸಿದರೆ 428571. ಅವೇ ಅಂಕಿಗಳು ಸ್ಥಾನ ಬದಲಿಸುತ್ತವೆ. 7ರಿಂದ ಗುಣಿಸಿದಾಗ ಮಾತ್ರ 999999. ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಈ ಸಂಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆದು ನಿಮ್ಮನ್ನೆಲ್ಲ ಬೆರಗುಗೊಳಿಸುತ್ತಿದ್ದೆ. ಅದೇ ಸಂಖ್ಯೆ ಮನುಷ್ಯ ಸ್ವಭಾವದ ಚಕ್ರದೊಳಗೆ ಕುಳಿತಿರುವುದನ್ನು ಕಂಡಾಗ ಬೆರಗಾಗುವ ಸರದಿ ನನ್ನದಾಯಿತು.

ಈ ಚಿತ್ರವನ್ನು ಆಧುನಿಕ ಜಗತ್ತಿಗೆ ಪರಿಚಯಿಸಿದವರು ಆರ್ಮೇನಿಯದಲ್ಲಿ ಹುಟ್ಟಿದ ಗುರ್ಜೀಫ್ ಎಂಬ ಗುರು. 1916ರ ಸುಮಾರಿಗೆ ರಷ್ಯಾದಲ್ಲಿ ತಮ್ಮ ಶಿಷ್ಯರಿಗೆ ಇದನ್ನು ಬಿಡಿಸಿ ತೋರಿಸಿದರು. ಶಿಷ್ಯ ಔಸ್ಪೆನ್‌ಸ್ಕಿ ಬರೆದಿಟ್ಟ ವಿವರಗಳು ಇಬ್ಬರೂ ತೀರಿಕೊಂಡ ಕಾಲದ ಆಸುಪಾಸಿನಲ್ಲಿ, 1949ರಲ್ಲಿ, ಗ್ರಂಥವಾಗಿ ಹೊರಬಂದವು. ಆದರೆ ಗಮನಿಸಬೇಕಾದ ಸಂಗತಿಯೊಂದಿದೆ. ಗುರ್ಜೀಫರಿಗೆ ಈ ಚಕ್ರವು ಯಾವುದೇ ಕ್ರಿಯೆ ಆರಂಭವಾಗಿ, ತಡೆಗಳನ್ನು ದಾಟಿ, ಪೂರ್ಣಗೊಳ್ಳುವ ಬಗೆಯನ್ನು ತೋರಿಸುವ ನಕ್ಷೆಯಾಗಿತ್ತು. ಅದರ ಚಲನೆಯನ್ನು ದೇಹದಿಂದಲೇ ಅರಿಯಲೆಂದು ಶಿಷ್ಯರಿಗೆ ನೃತ್ಯಗಳನ್ನು ಕಲಿಸಿದರು. ಪ್ರತಿಯೊಬ್ಬರಲ್ಲಿಯೂ ಒಂದು ಮುಖ್ಯ ದೋಷವಿರುತ್ತದೆ, ಅದನ್ನು ಕಂಡುಕೊಳ್ಳಬೇಕು ಎಂದು ಅವರು ಹೇಳುತ್ತಿದ್ದುದು ನಿಜ. ಆದರೆ ಆ ದೋಷಗಳನ್ನು ಈ ಚಕ್ರದ ಬಿಂದುಗಳಲ್ಲಿ ಕೂರಿಸಲಿಲ್ಲ. ಅವರ ಚಕ್ರದಲ್ಲಿ ಒಂಬತ್ತು ಬಗೆಯ ಮನುಷ್ಯರು ಇರಲಿಲ್ಲ.

ಮನುಷ್ಯರನ್ನು ತಂದು ಕೂರಿಸಿದವರು ಬೊಲಿವಿಯಾ ದೇಶದ ಆಸ್ಕರ್ ಇಚಾಜೊ. 1970ರಲ್ಲಿ ಚಿಲಿ ದೇಶದ ಉತ್ತರ ತುದಿಯಲ್ಲಿರುವ ಅರೀಕಾ ಎಂಬ ಊರಿನಲ್ಲಿ ಅವರು ನಡೆಸಿದ ದೀರ್ಘ ಶಿಬಿರಕ್ಕೆ ಅಮೆರಿಕೆಯಿಂದ ಸುಮಾರು ಐವತ್ತು ಮಂದಿ ಹೋದರು. ಮನಸ್ಸು ಒಂಬತ್ತು ಬಗೆಯಲ್ಲಿ ಗಂಟುಬೀಳುತ್ತದೆ, ಪ್ರತಿಯೊಂದು ಗಂಟಿಗೂ ಒಂದೊಂದು ವಿಕಾರ ಮೂಲ ಎಂಬುದು ಅವರ ಬೋಧನೆ. ಇಂದು ಪ್ರಚಲಿತವಿರುವ ಪಟ್ಟಿಯಲ್ಲಿ ಒಂದಕ್ಕೆ ಸಿಟ್ಟು, ಎರಡಕ್ಕೆ ಅಹಂಕಾರ, ಮೂರಕ್ಕೆ ಸೋಗು, ನಾಲ್ಕಕ್ಕೆ ಅಸೂಯೆ, ಐದಕ್ಕೆ ಲೋಭ, ಆರಕ್ಕೆ ಭಯ, ಏಳಕ್ಕೆ ಹೊಟ್ಟೆಬಾಕತನ, ಎಂಟಕ್ಕೆ ಕಾಮ, ಒಂಬತ್ತಕ್ಕೆ ಸೋಮಾರಿತನ ಎಂದಿದೆ.

ಅರೀಕಾಗೆ ಹೋದವರಲ್ಲಿ ಕ್ಲಾಡಿಯೊ ನರಾಂಜೊ ಎಂಬ ಚಿಲಿಯ ಮನೋವೈದ್ಯರೂ ಇದ್ದರು. ಅದೇ ವರ್ಷ ಅಪಘಾತದಲ್ಲಿ ಅವರ ಒಬ್ಬನೇ ಮಗ ತೀರಿಕೊಂಡಿದ್ದ. ಆ ದುಃಖವನ್ನು ಹೊತ್ತ ತಂದೆ ಮರುಭೂಮಿಯ ಅಂಚಿನ ಆ ಊರಿಗೆ ಹೋದದ್ದನ್ನು ಓದಿದಾಗ ಪುಸ್ತಕವನ್ನು ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕಚೇರಿಯ ತರಬೇತಿಯಲ್ಲಿ ಈ ಸಂಗತಿಯನ್ನು ಯಾರೂ ಹೇಳಿರಲಾರರು. ಆತ್ಮಶೋಧನೆಗೆ ಹೊರಟವರು ಬಹುಮಟ್ಟಿಗೆ ನೊಂದವರೇ.

ಅಮೆರಿಕೆಯ ಬರ್ಕ್ಲಿಗೆ ಮರಳಿದ ನರಾಂಜೊ 1971ರಿಂದ ಚಿಕ್ಕ ಗುಂಪಿಗೆ ಇದನ್ನು ಕಲಿಸಿದರು. ಮನೋವೈದ್ಯ ಶಾಸ್ತ್ರವು ವರ್ಣಿಸುವ ಸ್ವಭಾವಗಳೊಂದಿಗೆ ಒಂಬತ್ತು ಬಿಂದುಗಳನ್ನು ಹೊಂದಿಸಿ ವಿವರಗಳನ್ನು ತುಂಬಿದವರು ಅವರೇ. ಬೇರೆಯವರಿಗೆ ಕಲಿಸಕೂಡದೆಂದು ಶಿಷ್ಯರಿಂದ ಮಾತು ಪಡೆದಿದ್ದರು. ಆದರೆ ನೋಟ್ಸ್ ಎಂಬುದು ಎಂದಾದರೂ ಒಬ್ಬರ ಕೈಯಲ್ಲೇ ಉಳಿದದ್ದುಂಟೇ? ಗುಂಪಿನಲ್ಲಿದ್ದ ರಾಬರ್ಟ್ ಓಕ್ಸ್ ಎಂಬ ಜೆಸ್ವಿಟ್ ಪಾದ್ರಿ ಇದನ್ನು ಷಿಕಾಗೊದ ಲೊಯೋಲ ವಿಶ್ವವಿದ್ಯಾಲಯಕ್ಕೆ ಒಯ್ದರು. ಅಲ್ಲಿಂದ ಕ್ರೈಸ್ತ ಮಠಗಳಿಗೆ, ಧ್ಯಾನಕೂಟಗಳಿಗೆ ಹರಡಿತು. 1984ರಲ್ಲಿ ಮೊದಲ ಪುಸ್ತಕ ಬಂತು. 1987ರಲ್ಲಿ ಡಾನ್ ರೀಸೊ, 1988ರಲ್ಲಿ ಹೆಲೆನ್ ಪಾಮರ್ ಬರೆದ ಪುಸ್ತಕಗಳು ಇದನ್ನು ಮನೆಮನೆಗೆ ತಲುಪಿಸಿದವು. 2003ರಲ್ಲಿ ವ್ಯಾಟಿಕನ್ ಹೊರಡಿಸಿದ ದಾಖಲೆಯೊಂದು ಇದರ ಬಗ್ಗೆ ಎಚ್ಚರಿಕೆಯ ಮಾತನ್ನಾಡುವ ಹೊತ್ತಿಗೆ, ಪಾದ್ರಿಗಳೇ ಹರಡಿದ ಈ ವಿದ್ಯೆ ಎಲ್ಲರ ಸೊತ್ತಾಗಿಹೋಗಿತ್ತು.

ನಡುವೆ ಒಂದು ಮೊಕದ್ದಮೆಯೂ ನಡೆಯಿತು. ಇಚಾಜೊ ಅವರ ಅರೀಕಾ ಸಂಸ್ಥೆಯು ತಮ್ಮ ವಿದ್ಯೆಯನ್ನು ನಕಲು ಮಾಡಿದರೆಂದು ಪಾಮರ್ ಅವರ ಮೇಲೆ ದಾವೆ ಹೂಡಿತು. 1992ರಲ್ಲಿ ಅಮೆರಿಕೆಯ ಮೇಲ್ಮನವಿ ನ್ಯಾಯಾಲಯ ಪಾಮರ್ ಪರವಾಗಿ ತೀರ್ಪು ನೀಡಿತು. ಅದರ ಒಂದು ಕಾರಣ ಸ್ವಾರಸ್ಯಕರವಾದದ್ದು. ಈ ಒಂಬತ್ತು ಬಗೆಗಳು ತಾವು ಕಂಡುಹಿಡಿದ ಸತ್ಯಗಳು ಎಂದು ಇಚಾಜೊ ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದರು. ಸತ್ಯಕ್ಕೆ ಹಕ್ಕುಸ್ವಾಮ್ಯವಿಲ್ಲವೆಂದಿತು ನ್ಯಾಯಾಲಯ! ಪೈಥಾಗೊರಸನ ಪ್ರಮೇಯವನ್ನು ಕಲಿಸಿದ್ದಕ್ಕೆ ನಾನು ಯಾರಿಗೂ ಶುಲ್ಕ ಕಟ್ಟಿಲ್ಲವಷ್ಟೆ.

ಹಾಗಾದರೆ ಆ ಎರಡು ಸಾವಿರ ವರ್ಷಗಳ ಸೂಫಿ ವಿದ್ಯೆಯ ಮಾತೇನು? ನರಾಂಜೊ ಅವರೇ 2010ರ ಸಂದರ್ಶನವೊಂದರಲ್ಲಿ ಇದನ್ನು ಬಿಚ್ಚಿ ಹೇಳಿದರು. ಬಗೆಗಳ ವರ್ಣನೆ ಬಹುಪಾಲು ತಮ್ಮಿಂದಲೇ ಬಂದದ್ದು, ತಾನಾಗಿ ಬರೆಸಿಕೊಂಡು ಹೋದ ಬರಹವನ್ನು ಆಮೇಲೆ ಜನರ ನಡವಳಿಕೆಯೊಂದಿಗೆ ಹೋಲಿಸಿ ನೋಡಿದೆ, ಪ್ರಾಚೀನ ಮೂಲದ ಮಾತು ಅದಕ್ಕೆ ಗೌರವ ತರಲೆಂದು ಆಡಿದ್ದು ಎಂಬುದು ಅವರ ಮಾತಿನ ತಾತ್ಪರ್ಯ. ನರಾಂಜೊ 2019ರಲ್ಲಿ, ಇಚಾಜೊ 2020ರಲ್ಲಿ ತೀರಿಕೊಂಡರು. ಹೀಗೆ ಒಂಬತ್ತು ಬಗೆಯ ಮನುಷ್ಯರ ಚಕ್ರವು ಹೆಚ್ಚುಕಡಿಮೆ ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಹುಟ್ಟಿದ್ದು. ಇದನ್ನು ಕುರಿತ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದ ಸಮೀಕ್ಷೆಯೊಂದು 2021ರಲ್ಲಿ ಪ್ರಕಟವಾಗಿದೆ. ಅದು ಕಂಡ ಪುರಾವೆ ಮಿಶ್ರವಾದದ್ದು. ಪೂರ್ತಿ ಸುಳ್ಳೆನ್ನುವಂತೆಯೂ ಇಲ್ಲ, ಒಬ್ಬರ ಹಣೆಬರಹ ಬರೆಯಬಹುದೆನ್ನುವಂತೆಯೂ ಇಲ್ಲ.

ಚಕ್ರ ಹೊಸದಾದರೂ ಅದರಲ್ಲಿರುವ ವಿಕಾರಗಳ ಪಟ್ಟಿ ಮಾತ್ರ ನಿಜಕ್ಕೂ ಹಳೆಯದು. ಅದನ್ನು ಅರಸುತ್ತ ಹೋದರೆ ನಾಲ್ಕನೆಯ ಶತಮಾನದ ಈಜಿಪ್ಟಿನ ಮರುಭೂಮಿಗೆ ತಲುಪುತ್ತೇವೆ. ಕ್ರಿ.ಶ. 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಎಂಬ ಸನ್ಯಾಸಿ, ಮನುಷ್ಯನನ್ನು ಕಾಡುವ ಎಂಟು 'ಆಲೋಚನೆ'ಗಳ ಪಟ್ಟಿಯನ್ನು ಮಾಡಿದರು: ಹೊಟ್ಟೆಬಾಕತನ, ಕಾಮ, ಧನಲೋಭ, ದುಃಖ, ಸಿಟ್ಟು, ಬೇಸರ, ಕೀರ್ತಿಯ ಹಂಬಲ, ಅಹಂಕಾರ. ಅವರು ಬಳಸಿದ ಪದ 'ಆಲೋಚನೆ' ಎಂಬುದನ್ನು ದಯವಿಟ್ಟು ಗಮನಿಸಿ. ಇವು ಯಾರ ಬಳಿಗೂ ಬರಬಹುದು. ಬಾರದಂತೆ ತಡೆಯುವುದು ನಮ್ಮ ಕೈಯಲ್ಲಿಲ್ಲ, ಬಂದದ್ದು ನೆಲೆಯೂರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ ಎಂಬುದು ಅವರ ಅಭಿಪ್ರಾಯ. ನಮ್ಮ ಅರಿಷಡ್ವರ್ಗವೂ ಹಾಗೆಯೇ. ಆರು ವೈರಿಗಳೂ ಎಲ್ಲರೊಳಗೂ ಇರುತ್ತಾರೆ. ನಿನಗೆ ಮೂರನೆಯ ವೈರಿ, ನಿನ್ನ ತಮ್ಮನಿಗೆ ಐದನೆಯವನು ಎಂದು ನಮ್ಮ ಹಿರಿಯರು ಪಾಲು ಮಾಡಿಕೊಡಲಿಲ್ಲ.

ಆ ಪಟ್ಟಿಯಲ್ಲಿ 'ಬೇಸರ' ಎಂದು ನಾನು ಬರೆದಿರುವುದಕ್ಕೆ ಗ್ರೀಕ್ ಪದ 'ಅಕೇಡಿಯ'. ಮಧ್ಯಾಹ್ನದ ಹೊತ್ತು ಸನ್ಯಾಸಿಯ ಮೇಲೆರಗುವ ಭೂತವೆಂದು ಇವಾಗ್ರಿಯಸ್ ಇದನ್ನು ವರ್ಣಿಸಿದ್ದಾರೆ. ಸೂರ್ಯ ನಿಂತಲ್ಲೇ ನಿಂತಂತೆ ತೋರುತ್ತದೆ, ಯಾರಾದರೂ ಬರುವರೇ ಎಂದು ಮತ್ತೆ ಮತ್ತೆ ಬಾಗಿಲತ್ತ ನೋಡುತ್ತಾನೆ, ಇದ್ದ ಸ್ಥಳವೇ ಬೇಡವಾಗುತ್ತದೆ. ಇದು ಮೈಗಳ್ಳತನವಲ್ಲ, ಬಳಲಿದ ಜೀವದ ತಳಮಳ. ಈ ಪಟ್ಟಿಯನ್ನು ಕೇಸಿಯನ್ ಎಂಬ ಸನ್ಯಾಸಿ ಪಶ್ಚಿಮಕ್ಕೆ ಒಯ್ದರು. ಆರನೆಯ ಶತಮಾನದ ಕೊನೆಯ ವೇಳೆಗೆ ಗ್ರೆಗರಿ ಪೋಪರು ಅದನ್ನು ಏಳಕ್ಕೆ ಇಳಿಸಿದರು. ಮುಂದೆ ಕಾಲ ಸರಿದಂತೆ ಈ ತಳಮಳದ ಜಾಗದಲ್ಲಿ 'ಸೋಮಾರಿತನ' ಬಂದು ಕುಳಿತಿತು. ಏಳು ಮಹಾಪಾಪಗಳಿಗೆ ಭಯ ಮತ್ತು ಸೋಗನ್ನು ಸೇರಿಸಿದರೆ ಇಂದಿನ ಒಂಬತ್ತು. ಬಂದುಹೋಗುವ ಆಲೋಚನೆ ಮೊದಲು ಪಾಪವಾಯಿತು, ಕೊನೆಗೆ ಮನುಷ್ಯನ ಹೆಸರೇ ಆಯಿತು.

ಸೋಮಾರಿತನ ಎಂಬ ಆ ಪದದ ಬಳಿ ಬಂದಾಗ ನನ್ನ ಓದು ನಿಂತುಹೋಯಿತು. ಕಾರಣವನ್ನು ಹೇಳಲೇಬೇಕು.

ನಾನು ಕೆಲಸಕ್ಕೆ ಸೇರಿದ ಹೊಸತು. ಮಲೆನಾಡಿನ ಒಂದು ಊರು. ಒಂಬತ್ತನೆಯ ತರಗತಿಯಲ್ಲಿ ಕೊನೆಯ ಬೆಂಚಿನ ಹುಡುಗನೊಬ್ಬ ದಿನವೂ ತೂಕಡಿಸುತ್ತಿದ್ದ. ಅವನ ಬೆರಳುಗಳು ಕಪ್ಪಾಗಿರುತ್ತಿದ್ದವು. ಕೈ ತೊಳೆಯಲೂ ಸೋಮಾರಿತನವೇ ಎಂದು ಎಲ್ಲರೆದುರು ಗದರಿದ್ದೆ. ಅರ್ಧವಾರ್ಷಿಕ ಪರೀಕ್ಷೆಯ ನಂತರ ಪ್ರಗತಿ ಪತ್ರದ ಷರಾ ಕಾಲಮ್ಮಿನಲ್ಲಿ ಕೆಂಪು ಶಾಯಿಯಿಂದ ಒಂದೇ ಪದ ಬರೆದೆ: 'ಸೋಮಾರಿ'. ಅವನ ತಾಯಿ ಅದರ ಕೆಳಗೆ ಹೆಬ್ಬೆಟ್ಟು ಒತ್ತಿ ಕಳುಹಿಸಿದ್ದರು. ಅದರಲ್ಲೇನು ಬರೆದಿದೆಯೆಂದು ಆಕೆಗೆ ತಿಳಿದಿರಲಾರದು.

ಅದು ಅಡಿಕೆ ಕೊಯ್ಲಿನ ಕಾಲ. ತಿಂಗಳ ಬಳಿಕ ಒಂದು ರಾತ್ರಿ ಊಟಕ್ಕೆಂದು ಪರಿಚಿತರೊಬ್ಬರ ಮನೆಗೆ ಹೋದಾಗ, ಅಂಗಳದ ಚಪ್ಪರದಡಿ ಹತ್ತಾರು ಮಂದಿ ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುತ್ತಿದ್ದರು. ಅವರ ನಡುವೆ ಆ ಹುಡುಗನಿದ್ದ. ನನ್ನನ್ನು ಕಂಡು ಎದ್ದು ನಿಂತು ನಮಸ್ಕರಿಸಿದ. ಗಂಟೆ ಹನ್ನೊಂದಾಗಿತ್ತು. ಹಸಿ ಅಡಿಕೆಯ ಕಲೆ ಎಷ್ಟು ತೊಳೆದರೂ ಬೆರಳಿನಿಂದ ಹೋಗುವುದಿಲ್ಲವೆಂದು ಬಯಲುಸೀಮೆಯ ನನಗೆ ಆ ರಾತ್ರಿ ತಿಳಿಯಿತು. ಮರುದಿನ ಅವನನ್ನು ಕರೆದು ಎರಡು ಒಳ್ಳೆಯ ಮಾತನ್ನಾಡಿದೆ. ಆದರೆ ಷರಾವನ್ನು ತಿದ್ದಲಿಲ್ಲ. ತಿದ್ದಬಹುದೆಂದು ಹೊಳೆಯಲೂ ಇಲ್ಲ. ಹಲವು ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಅವನು ನಗುತ್ತಲೇ ತನ್ನ ಗುರುತು ಹೇಳಿಕೊಂಡ: "ಗೊತ್ತಾಗಲಿಲ್ಲವೇ ಸರ್? ಅದೇ, ಸೋಮಾರಿ." ಅವನಿಗೆ ಅದು ತಮಾಷೆಯಾಗಿತ್ತೋ ಏನೋ, ನನಗೆ ಆಗಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಎನ್ನಿಯಾಗ್ರಾಮ್ ನಿಷ್ಪ್ರಯೋಜಕವೆಂದು ನಾನು ಹೇಳುವುದಿಲ್ಲ. ಈಗ ಪ್ರತಿರಾತ್ರಿ ಮಲಗುವ ಮುನ್ನ, ಆ ಒಂಬತ್ತು ವಿಕಾರಗಳಲ್ಲಿ ಯಾವುದು ಇಂದು ನನ್ನ ಬಳಿಗೆ ಬಂತು ಎಂದು ಒಂದು ಹಳೆಯ ನೋಟ್‌ಪುಸ್ತಕದಲ್ಲಿ ಗುರುತು ಹಾಕುತ್ತೇನೆ. ಕೆಂಪು ಶಾಯಿಯ ಮೇಷ್ಟ್ರಿಗೆ ಒಂದನೆಯದು, ಅಂದರೆ ಸಿಟ್ಟು, ಹೆಚ್ಚಾಗಿ ಬರುತ್ತದೆಯೆಂಬುದು ನಿಮಗೆಲ್ಲ ಆಶ್ಚರ್ಯ ತರಲಾರದು. ಆದರೆ ಪಿಂಚಣಿ ತಡವಾದ ತಿಂಗಳು ಭಯ ಬರುತ್ತದೆ. ಗೆಳೆಯನ ಮಗನಿಗೆ ದೊಡ್ಡ ಹುದ್ದೆ ದೊರೆತ ದಿನ ಅಸೂಯೆಯೂ ಬಂತು. ಹೀಗೆ ನೋಡಿಕೊಳ್ಳುವುದಕ್ಕೆ ಇದು ಒಳ್ಳೆಯ ಕನ್ನಡಿ. ಅದನ್ನು ಎದುರಿಗಿರುವವರ ಹಣೆಗೆ ಅಂಟಿಸುವ ಚೀಟಿಯಾಗಿ ಮಾಡಿಕೊಳ್ಳಬಾರದು. ಅತ್ತೆಯ ಹಣೆಗೂ ಬೇಡ, ಮಕ್ಕಳ ಹಣೆಗಂತೂ ಬೇಡವೇ ಬೇಡ, ನಮ್ಮ ಹಣೆಗೂ ಬೇಡ.

ಇದನ್ನೆಲ್ಲ ಮೊನ್ನೆ ದೂರವಾಣಿಯಲ್ಲಿ ಆ ಶಿಷ್ಯೆಗೆ ಹೇಳಿದೆ. "ಹಾಗಾದರೆ ನಾನು ಐದಲ್ಲವೇ ಸರ್?" ಎಂದಳು. "ಆ ಆರು ಹುಡುಗಿಯರನ್ನು ಕೇಳಮ್ಮ" ಎಂದೆ. ಅವರಲ್ಲಿ ನಾಲ್ವರ ಫೋನ್ ನಂಬರು ಇಂದಿಗೂ ಅವಳ ಬಳಿ ಇದೆಯಂತೆ.

ಕೊನೆಯದಾಗಿ ಒಂದು ವಿನಂತಿ. ಆ ಅಡಿಕೆಯ ಕಾಲದ ಹುಡುಗ ಇದನ್ನು ಓದುತ್ತಿದ್ದರೆ, ಅಥವಾ ಅವನನ್ನು ಬಲ್ಲವರು ಓದುತ್ತಿದ್ದರೆ, ಆ ಪ್ರಗತಿ ಪತ್ರ ಎಲ್ಲಾದರೂ ಉಳಿದಿದೆಯೇ ಎಂದು ನೋಡಿ ಒಮ್ಮೆ ತನ್ನಿ. ಆ ಷರಾವನ್ನು ಹೊಡೆದುಹಾಕಿ, ಪಕ್ಕದಲ್ಲಿ ದಿನಾಂಕ ಸಹಿತ ಸಹಿ ಮಾಡಿಕೊಡುತ್ತೇನೆ.